ನಿಮ್ಮ ಚಿತ್ರದಲ್ಲಿಲ್ಲದ ತಿರುವು

ಮಿತ್ರರಾಷ್ಟ್ರದ ಮಾನ್ಯ ರಾಯಭಾರಿಗಳೇ,

ನಿಮ್ಮ ಕಂಪನಿಯ ಕಾವಲುಗಾರನ ಕೈ ಕಚ್ಚಿದವಳು ನಾನು. ಅದಕ್ಕಾಗಿ ಜೈಲಿನಲ್ಲಿರುವವನು ನನ್ನ ತಮ್ಮ. ಅವನ ದವಡೆಯನ್ನು ನಿಮ್ಮವರು ಅದಕ್ಕೂ ಮೊದಲೇ ಮುರಿದಿದ್ದರು. ನೀರು ನುಂಗಲೂ ಒದ್ದಾಡುವವನು ಎಲುಬಿಗೆ ತಾಗುವಂತೆ ಕಚ್ಚಿದ ಎಂದು ಪೊಲೀಸರು ಬರೆದುಕೊಂಡಿದ್ದಾರೆ. ಬರೆದವರಿಗೆ ನಗು ಬರಲಿಲ್ಲವೇ ಎಂದು ನನಗೆ ಆಶ್ಚರ್ಯ.

ಗಾಳಿಯಿಂದ ವಿದ್ಯುತ್ ತೆಗೆಯುವ ಗೋಪುರಗಳನ್ನು ನೀವು ನಮಗೆ ದಯಪಾಲಿಸಿದಿರಿ. ಹೊಗೆಯಿಲ್ಲ, ಮಸಿಯಿಲ್ಲ, ಬರೀ ಸ್ನೇಹ. ಪ್ರತಿಯಾಗಿ ನಮ್ಮ ಬಂದರಿನಲ್ಲಿ ನಿಮಗೆ ಜಾಗ ಸಿಕ್ಕಿತು, ದೇಶದೇಶಗಳ ಸಭೆಯಲ್ಲಿ ನಮ್ಮ ಮತ ನಿಮಗೆ ಬಿತ್ತು. ಅದು ದೊಡ್ಡವರ ವ್ಯವಹಾರ, ಬಟ್ಟೆ ಹೊಲಿದು ಬದುಕುವ ನನಗೆ ಅದರಲ್ಲಿ ಮೂಗು ತೂರಿಸುವ ಹುಚ್ಚಿಲ್ಲ. ಗಾಳಿಯ ಮೇಲೂ ನನಗೆ ಸಿಟ್ಟಿಲ್ಲ. ಆದರೆ ಲಾರಿಯ ಮೇಲೆ ಬಂದ ಗೋಪುರದ ಉದ್ದನೆಯ ರೆಕ್ಕೆಗೆ ನಮ್ಮ ಬೀದಿಯ ತಿರುವು ಸಾಲಲಿಲ್ಲ.

ಬೀದಿ ತಿರುಗುವ ಮೂಲೆಯಲ್ಲೇ ನಮ್ಮ ಮನೆ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಯಂತ್ರ, ಪಕ್ಕದ ತಗಡಿನ ಶೆಡ್ಡಿನಲ್ಲಿ ತಮ್ಮನ ವೆಲ್ಡಿಂಗ್ ಅಂಗಡಿ, ಒಳಕೋಣೆಯಲ್ಲಿ ಹಾಸಿಗೆ ಹಿಡಿದ ಅಮ್ಮ. ರೆಕ್ಕೆಯನ್ನು ಕ್ರೇನಿನಲ್ಲಿ ಎತ್ತಿ ಮನೆಯ ಮೇಲಿಂದ ದಾಟಿಸುತ್ತೇವೆ, ಒಂದು ಇಟ್ಟಿಗೆಯೂ ಅಲುಗುವುದಿಲ್ಲ ಎಂದು ನಿಮ್ಮ ಎಂಜಿನಿಯರು ನಮ್ಮ ಬಾಗಿಲಲ್ಲಿ ನಿಂತು ಮಾತು ಕೊಟ್ಟಿದ್ದರು. ಕ್ರೇನ್ ಬರಲಿಲ್ಲ. ಮರುದಿನವೇ ಉದ್ಘಾಟನೆ, ನಿಮ್ಮ ಮಂತ್ರಿಗಳು ವಿಮಾನ ಹತ್ತಿಯಾಗಿತ್ತು. ಸ್ನೇಹಕ್ಕೆ ತಡವಾಗುತ್ತಿದೆಯೆಂದು ಬುಲ್ಡೋಜರ್ ಕಳಿಸಿದಿರಿ.

ತಮ್ಮ ಬಾಗಿಲಿಗೆ ಅಡ್ಡ ನಿಂತು ಎರಡೂ ಕೈ ಎತ್ತಿದ. “ಒಳಗೆ ಅಮ್ಮ ಇದ್ದಾರೆ. ಎತ್ಕೊಂಡು ಬಂದುಬಿಡ್ತೀನಿ, ಸ್ವಲ್ಪ ತಡ್ಕೊಳ್ಳಿ,” ಅಂದ. ಅವನ ಬಾಯಿಂದ ಸರಿಯಾಗಿ ಹೊರಟ ಕೊನೆಯ ಮಾತು ಅದು. ಕಾವಲುಗಾರ ಕಬ್ಬಿಣದ ಸಲಾಕೆ ಬೀಸಿದ. ಒಣ ಕಟ್ಟಿಗೆ ಮುರಿದಂತೆ ಸದ್ದಾಯಿತು. ಬಿದ್ದವನ ಪಕ್ಕೆಗೆ ಇನ್ನಿಬ್ಬರು ಬೂಟುಗಾಲಲ್ಲಿ ಒದ್ದರು. ಸಲಾಕೆ ಅವನ ತಲೆಯ ಮೇಲೆ ಮತ್ತೆ ಎದ್ದಾಗ ನಾನು ಆ ಕೈಗೆ ಬಾಯಿ ಹಾಕಿದೆ. ರಕ್ತ ಬರುವವರೆಗೂ ಬಿಡಲಿಲ್ಲ, ಬಂದ ಮೇಲೂ ಬಿಡಲಿಲ್ಲ. ಪಶ್ಚಾತ್ತಾಪ ಇದೆಯೇ ಎನ್ನುತ್ತೀರಾ? ಇದೆ, ಇನ್ನೊಂದು ಕೈ ಸಿಗಲಿಲ್ಲ. ಅಷ್ಟರಲ್ಲಿ ನೆರೆಯವರು ಅಮ್ಮನನ್ನು ಹಾಸಿಗೆ ಸಮೇತ ಹಿಂಬಾಗಿಲಿಂದ ಎಳೆದುಕೊಂಡರು. ಗೋಡೆ ಉರುಳಿತು, ರೆಕ್ಕೆ ತಿರುಗಿಕೊಂಡು ಮುಂದೆ ಹೋಯಿತು.

ಮರುದಿನ ವೇದಿಕೆಯ ಮೇಲೆ ನೀವು ಎರಡು ದೇಶಗಳ ಹೃದಯಗಳು ಬೆಸೆದಿವೆ ಎಂದಿರಿ. ಅದೇ ಹೊತ್ತಿಗೆ ಆಸ್ಪತ್ರೆಯಲ್ಲಿ ತಮ್ಮನ ದವಡೆಗೆ ತಂತಿ ಬಿಗಿಯುತ್ತಿದ್ದರು. ಮಂಚದ ಕಾಲಿಗೆ ಕೋಳವನ್ನೂ ಹಾಕಿದ್ದರು.

ಈಗ ನಿಮ್ಮ ಕಚೇರಿ ರೆಕ್ಕೆಯ ಪಯಣದ ಚಿತ್ರವೊಂದನ್ನು ಮಾಡಿ ಶಾಲೆಶಾಲೆಗೂ ತೋರಿಸುತ್ತಿದೆ. ನಾನೂ ನೋಡಿದೆ. ರೆಕ್ಕೆ ನಮ್ಮ ಬೀದಿಗೆ ಬರುತ್ತದೆ, ಮಕ್ಕಳು ಕೈ ಬೀಸುತ್ತಾರೆ, ಪಿಟೀಲು ಕೇಳಿಸುತ್ತದೆ, ಮರುಕ್ಷಣ ರೆಕ್ಕೆ ಗುಡ್ಡದ ಮೇಲಿದೆ. ನಡುವಿನ ತಿರುವು ಎಲ್ಲಿ ಹೋಯಿತು, ಮಾನ್ಯರೇ? ಚಿತ್ರ ತೆಗೆಯುವ ನಿಮ್ಮ ಡ್ರೋನ್ ಅಂದು ನಮ್ಮ ನೆತ್ತಿಯ ಮೇಲೇ ಗುಂಯ್ಗುಡುತ್ತಿತ್ತು. ಗೋಡೆ ಬೀಳುವವರೆಗೂ ಅದು ಕದಲಲಿಲ್ಲ.

ಆ ತುಣುಕು ಕೇಳಲು ನಿಮ್ಮ ಕಚೇರಿಗೆ ಬಂದಿದ್ದೆ. ಇಸ್ತ್ರಿ ಮಾಡಿದ ಅಂಗಿಯ ಅಧಿಕಾರಿಯೊಬ್ಬರು ತಣ್ಣನೆಯ ನೀರು ಕೊಟ್ಟು, “ಮೇಡಂ, ಇದು ಸ್ನೇಹದ ಚಿತ್ರ. ಗಲಾಟೆ ಎಲ್ಲ ಹಾಕೋಕಾಗಲ್ಲ,” ಎಂದರು. ಚಿತ್ರಕ್ಕೆ ಹಾಕಬೇಡಿ, ಕೋರ್ಟಿಗೆ ಕೊಡಿ ಎಂದೆ. ಅವರು ಲೋಟ ವಾಪಸು ತೆಗೆದುಕೊಂಡರು. ಕಚ್ಚಿದ್ದು ನಾನು ಎಂದು ಠಾಣೆಗೆ ಹೋದರೆ ಅಲ್ಲಿನವರು, “ಹೆಂಗಸು ಕಚ್ಚಿದ್ಲು ಅಂದ್ರೆ ಯಾಕೆ ಅಂತ ಕೇಳ್ತಾರಮ್ಮ, ಮನೆಗೆ ಹೋಗು,” ಎಂದರು. ಯಾವ ಮನೆಗೆ?

ಮುಂದಿನ ವಿಚಾರಣೆಗೆ ಮೊದಲು, ನೀವು ಕತ್ತರಿಸಿದ ತುಣುಕು ನ್ಯಾಯಾಧೀಶರ ಮುಂದಿರಬೇಕು. ಅದರಲ್ಲಿ ಯಾರು ಮೊದಲು ಬೀಸಿದರು, ಯಾರು ಆಮೇಲೆ ಕಚ್ಚಿದರು, ಎರಡೂ ಕಾಣುತ್ತವೆ. ಬೀಸಿದವನನ್ನು ಹಿಡಿಯಲಿ, ನನ್ನನ್ನೂ ಹಿಡಿಯಲಿ, ತಮ್ಮನನ್ನು ಬಿಡಲಿ. ಕೊಡುವುದಿಲ್ಲ ಎನ್ನುವುದಾದರೆ ನೆನಪಿರಲಿ, ಗುಡ್ಡದ ಮೇಲೆ ಇನ್ನೂ ಗೋಪುರಗಳು ಏಳಬೇಕಿದೆ, ರೆಕ್ಕೆಗಳು ಇದೇ ಬೀದಿಯಲ್ಲಿ ಬರಬೇಕು. ಆ ಮೂಲೆಯ ಇಟ್ಟಿಗೆ ರಾಶಿಯ ಮೇಲೆ ನಾನು ಕೂತಿದ್ದೇನೆ. ನನ್ನ ಹಲ್ಲುಗಳು ಇನ್ನೂ ಗಟ್ಟಿಯಾಗಿವೆ.

ಇಂತಿ,
ನಿಮ್ಮ ಸ್ನೇಹದ ರುಚಿ ಕಂಡ
ತಿರುವಿನ ಮನೆಯ ದರ್ಜಿ