ಅತ್ತೆಯ ಕೌದಿ

೧೭ ಜನವರಿ, ಶನಿವಾರ

ಇವತ್ತೂ ಸಂಜೆ ಕೌದಿಯ ಜಗಳ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ಇವರ ಮೈ ಆಗಾಗ ಕಾಯುತ್ತದೆ. ಏಟು ತಿಂದ ಮೆದುಳು ಕಾವು ತಡೆಯುವುದಿಲ್ಲ, ಜ್ವರ ಏರಲು ಬಿಡಬೇಡಿ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿ ಕಳಿಸಿದ್ದಾರೆ. ಅದಕ್ಕೇ ಥರ್ಮಾಮೀಟರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡುತ್ತೇನೆ. ಅತ್ತೆಗೋ, ಜ್ವರ ಎಂದರೆ ಕೌದಿ ಹೊದಿಸಬೇಕು.

"ಇಂಥಾ ಥಂಡ್ಯಾಗ ಬರಿಮೈಲೆ ಮಲಗಸ್ತಾರೇನವಾ?" ಎಂದರು.

"ಹೊದಿಸಿದ್ರ ಜ್ವರ ಏರತೈತ್ರಿ ಅತ್ತಿ," ಎಂದು ಸಿಡುಕಿದೆ. ಆಸ್ಪತ್ರೆಯಲ್ಲಿ ನಾನು ಅನ್ನ ಬಿಟ್ಟು ಕೂತಾಗ ಬಾಯಿಗೆ ತುತ್ತಿಟ್ಟವರು ಇದೇ ಅತ್ತೆ ಅಲ್ಲವೇ, ಸಿಡುಕಬಾರದಿತ್ತು.

ಒದ್ದೆ ಬಟ್ಟೆ ತರಲು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಇವರ ಕಾಲ ಮೇಲೆ ಕೌದಿ ಬಿದ್ದಿತ್ತು. ಬಯ್ಯಲು ಬಾಯಿ ತೆರೆದೆ. ಆಗ ಕೌದಿ ಅಲುಗಿತು. ಇಷ್ಟು ದಿನ ನಾವು ಎತ್ತಿದರೆ ಏಳುತ್ತಿದ್ದ, ಬಿಟ್ಟರೆ ಬೀಳುತ್ತಿದ್ದ ಬಲಗಾಲು, ಮದುವೆಯಾದಾಗಿನಿಂದ ನಾನು ಬಯ್ಯುತ್ತ ಬಂದ ಅದೇ ಒದೆತದಲ್ಲಿ, ಕೌದಿಯನ್ನು ಮಂಚದ ಕೆಳಗೆ ತಳ್ಳಿತು.

ಅತ್ತೆ ಅದನ್ನು ಎತ್ತಿಕೊಳ್ಳದೆ ನೋಡುತ್ತ ನಿಂತರು. "ಸಣ್ಣಾವಿದ್ದಾಗೂ ನಮ್ಮ ಚನ್ನೇಶ ಹಿಂಗ ಒದೀತಿದ್ದ," ಎಂದು ನಕ್ಕರು. ಅವರ ನಗು ಹೇಗಿತ್ತೆಂಬುದೇ ನನಗೆ ಮರೆತುಹೋಗಿತ್ತು.

ಇಬ್ಬರೂ ಸೇರಿ ಮೈ ಒರೆಸಿದೆವು. ಈಗ ಜ್ವರ ಇಳಿದಿದೆ. ಶಿವನೇ, ಇವತ್ತಿಗೆ ಇಷ್ಟು ಕೊಟ್ಟೆಯಲ್ಲ, ಸಾಕು. ಇಲ್ಲ, ಸಾಕಾಗಿಲ್ಲ. ಮಲಗುವ ಮೊದಲು ನಾನೇ ಕೌದಿ ಝಾಡಿಸಿ ಅತ್ತೆಯ ಕೈಗೆ ಕೊಟ್ಟೆ.

"ಇನ್ನೊಮ್ಮೆ ಹೊದಿಸ್ರಿ," ಎಂದೆ.