ಬೆನ್ನ ಹಿಂದಿನ ಕೌದಿ

ಗದಗ
೩೦ ಫೆಬ್ರುವರಿ ೨೧೫೮

ನೀಲವ್ವನವರಿಗೆ,

ತಾರೀಖು ನೋಡಿ ಬರೆದವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಫೆಬ್ರುವರಿಗೆ ಮೂವತ್ತು ದಿನ. ಕ್ಯಾಲೆಂಡರ್ ತಿದ್ದಿದವರಿಗೆ ಬೇರೆ ಕೆಲಸವಿರಲಿಲ್ಲ. ನನ್ನ ಮಾತುಗಳೂ ಅಲ್ಲಲ್ಲಿ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಕ್ಷಮೆ ಇರಲಿ. ಇದು ಹಿಂದೋಲೆ, ಅಂದರೆ ಕಳೆದುಹೋದ ಕಾಲಕ್ಕೆ ಹಾಕುವ ಕಾಗದ. ಇದಕ್ಕೆಂದೇ ಇಲ್ಲಿ ಒಂದು ಕಚೇರಿ ಇದೆ. ಕಾಗದ ತಲುಪುತ್ತದೆ ಎಂದು ಅವರು ಭರವಸೆ ಕೊಡುವುದಿಲ್ಲ. ತಲುಪಿದರೂ ಕೆಲವು ವಾರ ಹಿಂದುಮುಂದಾಗಬಹುದಂತೆ. ನಿಮ್ಮ ಮಗಳು ಶಿವಲೀಲಾ ದಿನ ತುಂಬುವ ಮೊದಲೇ ಹೆತ್ತ ಅವಳಿಗಳು ಈಗ ಹುಬ್ಬಳ್ಳಿಯ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿವೆ. ಅದರಲ್ಲಿ ಹುಡುಗಿ ನನ್ನ ಮುತ್ತಜ್ಜಿ. ಹಾಗಾಗಿ ನಿಮ್ಮನ್ನು ಅಜ್ಜಿ ಎಂದೇ ಕರೆಯಬೇಕು. ಕರೆಯಲು ಮನಸ್ಸು ಬರುತ್ತಿಲ್ಲ.

ಇಲ್ಲಿ ಅವಧಿಗೆ ಮುಂಚೆ ಹುಟ್ಟಿದ ಕೂಸನ್ನು ತೂಕ ಬಂತು, ಹಾಲು ಕುಡಿಯಿತು ಎಂದು ಮನೆಗೆ ಕಳಿಸುವುದಿಲ್ಲ. ಅದಕ್ಕೆ ‘ಕೂರಿಕೆ’ ಎಂಬ ಪರೀಕ್ಷೆ ಇದೆ. ಯಾವ ಸೀಟಿನಲ್ಲಿ ಮನೆಗೆ ಹೋಗುತ್ತದೆಯೋ ಅದೇ ಸೀಟಿನಲ್ಲಿ ಬೆಲ್ಟು ಹಾಕಿ ಎರಡು ಗಂಟೆ ಕೂರಿಸಿ, ಉಸಿರನ್ನೂ ಎದೆಬಡಿತವನ್ನೂ ನೋಡುತ್ತಾರೆ. ಅವಳಿಗಳಾದರೆ ಒಂದೊಂದಕ್ಕೂ ಬೇರೆ ಬೇರೆ ಪರೀಕ್ಷೆ, ಬೇರೆ ಬೇರೆ ಸೀಟು. ಪಾಸಾಗದ ಕೂಸಿಗೆ ಸೀಟೇ ಇಲ್ಲ. ‘ಹಾಸುತೊಟ್ಟಿಲು’ ಕೊಡುತ್ತಾರೆ, ಅಂಗಾತ ಮಲಗಿಸಿ ಬಿಗಿದು ಒಯ್ಯುವ ಪೆಟ್ಟಿಗೆ. ನಮ್ಮ ಗಾಡಿಗಳಿಗೆ ಡ್ರೈವರ್ ಇಲ್ಲ, ಆದರೆ ಪ್ರತಿ ಸೀಟಿನಲ್ಲೂ ‘ಗದ್ದಗಾವಲು’ ಇದೆ. ಕೂಸಿನ ಗದ್ದ ಎದೆಗೆ ತಾಗಿದರೆ ಗಾಡಿ ರಸ್ತೆಯ ಪಕ್ಕಕ್ಕೆ ಹೋಗಿ ನಿಂತುಬಿಡುತ್ತದೆ; ಎಷ್ಟು ಬೈದರೂ ಹೊರಡುವುದಿಲ್ಲ. ಇದೆಲ್ಲ ತಮ್ಮ ಜಾಣತನ ಎಂದು ನಮ್ಮವರು ಜಂಭ ಕೊಚ್ಚಿಕೊಳ್ಳುತ್ತಾರೆ. ಮಣ್ಣಲ್ಲಿ ಹೂತ ಮಕ್ಕಳು ಕಲಿಸಿದ ಬುದ್ಧಿ ಇದು, ಜಾಣತನವೇನಲ್ಲ.

ಹೋದ ವಾರ ನನ್ನ ಮಗಳು ಋತಾಳ ಅವಳಿಗಳಿಗೆ ಕೂರಿಕೆ ಇತ್ತು. ದೊಡ್ಡದು ಸೀಟಿನಲ್ಲಿ ಸರಿಯಾಗಿ ಕೂತಿತ್ತು. ಸಣ್ಣದು ಅದರೊಳಗೆ ಮುಳುಗಿಹೋದಂತೆ ಕಂಡಿತು. ಮನೆಯ ಪೆಟ್ಟಿಗೆಯಿಂದ ತಂದಿದ್ದ ನಿಮ್ಮ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಬೆನ್ನ ಹಿಂದೆ ತುರುಕಿದೆ. ಹೌದು, ಹಳೆಯ ಇಳಕಲ್ ಸೀರೆಯ ಕೆಂಪು ಸೆರಗು ಸೇರಿಸಿ ನೀವು ಹೊಲಿದ ಅದೇ ಕೌದಿ. ತುಸು ಹೊತ್ತಿಗೆ ಯಂತ್ರ ಕಿರುಚಿತು. ಕೂಸು ಅತ್ತಿರಲಿಲ್ಲ, ಮಿಸುಕಿರಲಿಲ್ಲ. ತಲೆ ಮುಂದಕ್ಕೆ ಬಾಗಿ ಗದ್ದ ಎದೆಗೆ ಒತ್ತಿತ್ತು, ತುಟಿ ನೀಲಿಯಾಗಿತ್ತು. ನರ್ಸ್ ಜುಲೇಖಾ ಓಡಿಬಂದು ಕೌದಿಯನ್ನು ಎಳೆದು ಎಸೆದಳು. “ಬೆನ್ನ ಹಿಂದ ಏನೂ ಇಡಬಾರದ್ರಿ ಅಕ್ಕಾರ! ಇದರ ಕುತ್ತಿಗಿ ಇನ್ನೂ ಬಲಿತಿಲ್ಲ. ತಲಿ ಮುಂದ ಬಿತ್ತಂದ್ರ ಉಸರ ಕಟ್ಟತೈತಿ, ಒಂದೀಟೂ ಸಪ್ಪಳ ಆಗೂದಿಲ್ಲ” ಎಂದು ಎಲ್ಲರೆದುರೂ ಬೈದಳು. ಕೂಸಿನ ಮುಖಕ್ಕೆ ಬಣ್ಣ ಮರಳಿತು. ಹಾಗೆ ಗದ್ದ ಬಾಗಿಸಿ ಕೂತ ಕೂಸನ್ನು ನಾನು ಮೊದಲೇ ನೋಡಿದ್ದೆ.

ನಮ್ಮ ಮನೆಯಲ್ಲಿ ನಿಮ್ಮ ಕಾಲದ ಒಂದು ವಿಡಿಯೋ ಉಳಿದುಕೊಂಡಿದೆ, ನಲವತ್ತು ಸೆಕೆಂಡಿನದು. ನಿಮಗೆ ಆ ದಿನ ಇನ್ನೂ ಬರಬೇಕು: ಬಾಣಂತಿಯನ್ನೂ ಕೂಸುಗಳನ್ನೂ ಗದಗಿಗೆ, ತವರಿಗೆ ಕರೆತರುವ ದಿನ. ಅಳಿಯ ಮಹಾಂತೇಶ ಎರಡು ಕಾರ್ ಸೀಟು ತಂದಿರುತ್ತಾನೆ. ಒಂದೇ ಅಳತೆ, ಒಂದೇ ಬಣ್ಣ. ಅವಳಿಗಳಲ್ಲಿ ಭೇದ ಮಾಡಬಾರದು, ಅಂಗಿಯಿಂದ ಗಿಲಕಿಯವರೆಗೆ ಎಲ್ಲವೂ ಜೋಡಿ ಇರಬೇಕು ಎಂದು ಹೇಳಿ ಕಳಿಸಿದವರು ನೀವೇ. ಹುಡುಗಿಗೆ ಆ ಸೀಟು ಹೊಂದುತ್ತದೆ. ಹುಡುಗ ಒಂದು ಕಿಲೋ ಎಂಟುನೂರು ಗ್ರಾಂ. ಎರಡು ಕಿಲೋ ಇನ್ನೂರಕ್ಕಿಂತ ಕಡಿಮೆ ತೂಕದ ಮಗುವಿಗೆ ಇದು ಬೇಡ ಎಂದು ಸೀಟಿನ ತಳದಲ್ಲಿ ಚೀಟಿ ಅಂಟಿಸಿದೆ, ತಿರುಗಿಸಿ ನೋಡಿದವರಿಲ್ಲ. ಹೆಗಲ ಬೆಲ್ಟು ಅವನ ಕಿವಿಯ ಹತ್ತಿರ ಹೊರಟಿದೆ. ಅವನನ್ನು ಎತ್ತರಿಸಲು ನೀವು ಆಗಿನ್ನೂ ಹೊಸದಾದ ಇದೇ ಕೌದಿಯನ್ನು ಮಡಚಿ ಬೆನ್ನ ಹಿಂದೆ ಇಡುತ್ತೀರಿ. ಪ್ರೀತಿಯಿಂದಲೇ ಇಡುತ್ತೀರಿ, ನನಗೆ ಗೊತ್ತು, ನಾನೂ ಹಾಗೇ ಇಟ್ಟೆ. ದಾರಿಯಲ್ಲಿ ಹುಡುಗಿ ಗಂಟಲು ಹರಿಯುವಂತೆ ಅಳುತ್ತಾಳೆ, ಎಲ್ಲರೂ ಅವಳ ಕಡೆಗೇ ಬಾಗಿದ್ದೀರಿ. ನಡುವೆ ನಿಮ್ಮ ನಗುವ ದನಿ ಕೇಳುತ್ತದೆ: “ನೋಡ ಶಿವಲೀಲಾ, ಸಣ್ಣಾವ ಹ್ಯಾಂಗ ಮಲಗ್ಯಾನ! ಈಕಿಗಿಂತ ಇವನಽ ಶಾಣ್ಯಾ.” ಅವನು ಮಲಗಿರಲಿಲ್ಲ, ನೀಲವ್ವನವರೇ. ಗದಗ ಮುಟ್ಟಿ ಬೆಲ್ಟು ಬಿಚ್ಚಿದಾಗ ನಿಮಗದು ತಿಳಿಯಿತು.

ಅವನಿಗೆ ಹೆಸರಿಲ್ಲ, ತೊಟ್ಟಿಲಿಗೆ ಹಾಕುವ ಮೊದಲೇ ಹೋದ. ಅವಳಿಗೆ ಎರಡು ಹೆಸರು ಸಿಕ್ಕವು. ಇಂಚರಾ ಎಂದು ಕರೆದವರು ಕಡಿಮೆ. ತಮ್ಮನ್ನ ನುಂಗಿದಾಕಿ ಎಂದು ಕರೆದವರೇ ಹೆಚ್ಚು. ಅವಳು ಅತ್ತು ಅತ್ತು ಎಲ್ಲರ ಗಮನ ಕಿತ್ತುಕೊಂಡಳು, ಅದಕ್ಕೇ ಅವನು ಹೋದ ಎಂದು ಮೊದಲು ಅಂದವರು ನೀವು. ಸಂಕಟದಲ್ಲಿ ಅಂದಿರಿ, ಒಪ್ಪುತ್ತೇನೆ. ಆದರೆ ಅಂದಿರಿ, ಮತ್ತೆ ಹಿಂತೆಗೆದುಕೊಳ್ಳಲಿಲ್ಲ. ನಿಮ್ಮ ಹಿಂದೆ ಓಣಿಯವರು ಅಂದರು, ಬೀಗರು ಅಂದರು, ಕೊನೆಗೆ ಮುತ್ತಜ್ಜಿಯೇ ಅದನ್ನು ನಂಬಿದರು. ನಾನು ನೋಡಿದಾಗ ಮುತ್ತಜ್ಜಿಗೆ ತೊಂಬತ್ತು ದಾಟಿತ್ತು. ಯಾರ ಮನೆಯಲ್ಲಿ ತೊಟ್ಟಿಲ ಕಾರ್ಯವಾದರೂ ಹೊಸ್ತಿಲಾಚೆಯೇ ನಿಲ್ಲುತ್ತಿದ್ದರು. ಒಳಗೆ ಕರೆದರೆ “ಬ್ಯಾಡವಾ, ಕೂಸು ಚಲೋ ಇರಲಿ” ಎನ್ನುತ್ತಿದ್ದರು. ಹೆತ್ತ ಮಗಳಿಗೂ ಹಾಲು ಕುಡಿಸಿದ ಕೂಡಲೇ ಬೇರೆಯವರ ಕೈಗೆ ಕೊಟ್ಟುಬಿಡುತ್ತಿದ್ದರಂತೆ. ನನ್ನನ್ನು ಒಮ್ಮೆಯೂ ಎತ್ತಿಕೊಳ್ಳಲಿಲ್ಲ. ಈ ಮುದುಕಿಗೆ ನಾನೆಂದರೆ ಆಗುವುದಿಲ್ಲ ಎಂದು ನಾನು ಸಿಟ್ಟು ಇಟ್ಟುಕೊಂಡಿದ್ದೆ. ಅವರು ಹೋದ ದಿನ ಕೈ ಮುಗಿಯಲೂ ಹೋಗಲಿಲ್ಲ. ಒಂದು ಮಡಚಿದ ಕೌದಿಗಾಗಿ ಒಬ್ಬ ಹೆಂಗಸು ಬದುಕಿಡೀ ಬಾಗಿಲಾಚೆ ನಿಂತಳು, ಅದು ಗೊತ್ತಾಗಲು ನನಗೆ ಐವತ್ತು ವರ್ಷ ಬೇಕಾಯಿತು.

ಕಾಗದ ಮೊದಲೇ ತಲುಪಿದ್ದರೆ ಇಷ್ಟು ಮಾಡಿ. ಸಣ್ಣವನಿಗೆ ಅವನ ತೂಕಕ್ಕೆ ಆಗುವ ಸೀಟೇ ತರಿಸಿ, ಜೋಡಿ ತಪ್ಪಿದರೆ ತಪ್ಪಲಿ. ಬೆಲ್ಟು ಅವನ ಹೆಗಲಿನ ಮಟ್ಟದಿಂದ ಅಥವಾ ಅದಕ್ಕೂ ಕೆಳಗಿನಿಂದ ಬರಬೇಕು. ಸೀಟು ಹಿಂದಕ್ಕೆ ಒರಗಿ ಕಾರಿನ ಹಿಂಭಾಗಕ್ಕೆ ಮುಖ ಮಾಡಿರಲಿ. ಅಕ್ಕಪಕ್ಕದ ಸಂದಿಗೆ ಬಟ್ಟೆಯ ಸುರುಳಿ ಇಡಬಹುದು. ಬೆನ್ನ ಹಿಂದೆ, ತಲೆಯ ಹಿಂದೆ ಏನೂ ಬೇಡ. ಕೌದಿಯನ್ನು ಬೆಲ್ಟು ಬಿಗಿದ ಮೇಲೆ ಮೇಲಿಂದ ಹೊದಿಸಿ. ಮೊದಲು ಆಸ್ಪತ್ರೆಯಲ್ಲೇ ಕೂರಿಸಿ ನೋಡಿ ಎಂದು ಡಾಕ್ಟರನ್ನು ಕೇಳಿ, ಅವರು ನಕ್ಕರೂ ಕೇಳಿ. ಕಾರಿನಲ್ಲಿ ಒಬ್ಬರು ಹಿಂದೆ ಕೂತು ಸುಮ್ಮನಿರುವ ಕೂಸನ್ನೇ ನೋಡುತ್ತಿರಲಿ. ಅಳುವ ಕೂಸಿಗೆ ಉಸಿರಿದೆ.

ಕಾಗದ ತಡವಾಗಿ ತಲುಪಿದ್ದರೆ, ಕಾರು ಅಂಗಳಕ್ಕೆ ಬಂದು ಆಗುವುದೆಲ್ಲ ಆಗಿಹೋಗಿದ್ದರೆ, ಹುಡುಗಿ ಅತ್ತದ್ದಕ್ಕೇ ಅವನು ಹೋದ ಎಂಬ ಆ ಮಾತು ನಿಮ್ಮ ನಾಲಿಗೆಯ ತುದಿಗೆ ಬಂದಿರುತ್ತದೆ. ಅದನ್ನು ಅನ್ನಬೇಡಿ. ಕೌದಿ ಇಟ್ಟವಳು ನಾನು ಎಂದು ನೆರೆದವರೆದುರು ಹೇಳಿ, ಆಮೇಲೆ ಒಳಗೆ ಹೋಗಿ ಹುಡುಗಿಯನ್ನು ಎತ್ತಿಕೊಳ್ಳಿ. ಆ ದಾರಿಯುದ್ದಕ್ಕೂ ನಿಮ್ಮನ್ನೆಲ್ಲ ಕೂಗಿ ಕರೆದವಳು ಅವಳೊಬ್ಬಳೇ.

ನಭಾ
ಇಂಚರಾಳ ಮರಿಮೊಮ್ಮಗಳು