ಗೂಟದ ಮೇಲಿನ ಪೊಲೀಸಪ್ಪ

ಹೊಲಿಗೆ ಕೋಣೆಯಿಂದ,
ಮಂಗಳವಾರ, ಬೆಳಗಿನ ಹೊತ್ತು

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮ? ಆಸ್ಪತ್ರೆಯಲ್ಲಿ ನಿಂತೂ ನಿಂತೂ ಕಾಲು ಬಾತಿದೆ ಎಂದು ಬರೆದಿದ್ದೆ, ಇಳಿಯಿತೆ? ನಿನ್ನ ಜೊತೆಯ ದಾದಿಯಕ್ಕನ ಕೆಮ್ಮು ಹೇಗಿದೆ? ಇಲ್ಲಿ ನಿನ್ನಮ್ಮನ ಮಂಡಿ ಎಂದಿನಂತೆ ಇದೆ. ಬಾಯಿ ಮಾತ್ರ ಎಂದಿನಂತಿಲ್ಲ, ಮೂರು ದಿನದಿಂದ ನನ್ನನ್ನು ಬೈದಿಲ್ಲ. ನಿನ್ನ ಮಗಳು, ನಮ್ಮ ಗುಂಡಿ, ಆರೋಗ್ಯವಾಗಿದ್ದಾಳೆ. ಅದನ್ನು ಮೊದಲೇ ಬರೆದಿದ್ದೇನೆ. ಇನ್ನು ಮುಂದಿನದನ್ನು ಕುಳಿತು ಓದು.

ಠಾಣೆಯವರ ಸಮವಸ್ತ್ರ ಹೊಲಿಯುವವನು ನಾನು, ಸಿದ್ಧವಾದ ಅಂಗಿಯನ್ನು ಗೂಟಕ್ಕೆ ತೂಗುಹಾಕುತ್ತೇನೆ. ನೀನು ಹೋದಮೇಲೆ ಮಗು ಊಟ ಬೇಡವೆಂದು ಹಟ ಹಿಡಿಯತೊಡಗಿತು. ಒಂದು ದಿನ ಆ ಅಂಗಿಯ ತೋಳನ್ನು ಅಲ್ಲಾಡಿಸಿ, "ನೋಡು, ಪೊಲೀಸಪ್ಪ ಇಳಿದು ಬರ್ತಾನೆ, ತಟ್ಟೆ ಖಾಲಿ ಮಾಡದವರನ್ನ ಹಿಡ್ಕೊಂಡು ಹೋಗ್ತಾನೆ" ಎಂದೆ. ತಟ್ಟೆ ಖಾಲಿಯಾಯಿತು. ನಾನು ಬೀಗಿದೆ. ಆಮೇಲೆ ಸ್ನಾನಕ್ಕೆ ಪೊಲೀಸು, ನಿದ್ದೆಗೆ ಪೊಲೀಸು, ಕತ್ತರಿ ಮುಟ್ಟಿದರೆ ಪೊಲೀಸು. ನೆನ್ನೆ ನನ್ನ ಹರಕು ನಿಘಂಟನ್ನು ತೆಗೆದು ನೋಡಿದೆ. ಪೊಲೀಸು ಎಂದರೆ ಜನರನ್ನು ಕಾಯುವ ಪಡೆ ಎಂದಿದೆ. ನಮ್ಮ ಮನೆಯಲ್ಲಿ ಆ ಮಾತನ್ನು ಅದೊಂದಕ್ಕೆ ಬಿಟ್ಟು ಎಲ್ಲದಕ್ಕೂ ಬಳಸಿದ್ದೇವೆ.

ಶನಿವಾರ ಅವಳನ್ನು ಕರೆದುಕೊಂಡು ಬಟ್ಟೆ ಪೇಟೆಗೆ ಹೋಗಿದ್ದೆ. ದಾರದ ಬಣ್ಣ ಹೊಂದುತ್ತದೆಯೇ ಎಂದು ಬೆಳಕಿಗೆ ಹಿಡಿದು ನೋಡಲು ಅವಳ ಕೈ ಬಿಟ್ಟೆ. ತಿರುಗಿದರೆ ಮಗು ಇಲ್ಲ. ಇಬ್ಬರು ಪೇದೆಗಳು ಬಂದು ಅಂಗಡಿ ಅಂಗಡಿಗೂ ಹೊಕ್ಕು ಕೂಗಿದರು. ಅವರು ಕೂಗಿದಷ್ಟೂ ಅವಳು ಒಂದು ಅಂಗಡಿಯ ಬಟ್ಟೆಸುರುಳಿಗಳ ಹಿಂದೆ ಇನ್ನಷ್ಟು ಒಳಕ್ಕೆ ಸರಿಯುತ್ತಿದ್ದಳಂತೆ. ಐದು ಗಂಟೆ ಕಾಲ. ನನಗೆ ಅಳು ಬರಲಿಲ್ಲ. ದಾರದ ಉಂಡೆಯನ್ನು ಕೈಯಲ್ಲಿ ಹಿಡಿದೇ ಇದ್ದೆ, ಅಷ್ಟೇ ನೆನಪು.

ಮಧ್ಯಾಹ್ನ ಕಳೆದ ಮೇಲೆ ನನಗೆ ಹೊಳೆಯಿತು. ಹಿರಿಯ ಪೇದೆಯ ಹತ್ತಿರ ಹೋಗಿ, "ತಪ್ಪು ನಂದು ಸ್ವಾಮಿ, ನಿಮ್ಮ ಹೆಸರು ಹೇಳಿ ಅವಳಿಗೆ ಊಟ ಮಾಡಿಸಿದೀನಿ" ಎಂದೆ. ಬೈಯುತ್ತಾನೆ ಅಂದುಕೊಂಡೆ. "ನಮ್ಮನೇಲೂ ಅದೇ ಕಥೆ ಅಜ್ಜ, ನನ್ನ ಮಗನಿಗೆ ನನ್ನ ಹೆಂಡತಿ ನನ್ನನ್ನೇ ತೋರಿಸ್ತಾಳೆ" ಎಂದು ಟೋಪಿ ತೆಗೆದ, ಅಂಗಿ ಬಿಚ್ಚಿ ನನ್ನ ತೋಳಿಗೆ ಹಾಕಿದ. ನಾನೇ ಹೊಲಿದ ಅಂಗಿ. ಬನಿಯನ್ನಿನಲ್ಲೇ ಪೇಟೆಯ ನಡುವೆ, "ಗುಂಡೀ, ಪೊಲೀಸ್ ಹೊರಟುಹೋದ್ರು ಕಣಮ್ಮ, ಅಜ್ಜ ಕಾಯ್ತಿದಾರೆ" ಎನ್ನುತ್ತ ನಡೆದ. ಮೂರನೆಯ ಅಂಗಡಿಯಲ್ಲಿ ಒಂದು ಸುರುಳಿ ಅಲ್ಲಾಡಿತು. ಹೊರಗೆ ಬಂದವಳು ನನ್ನ ತೋಳಿನ ಮೇಲಿದ್ದ ಅಂಗಿಯನ್ನು ನೋಡಿ ಕೈಮುಗಿದಳು. "ನಾನು ಪೂರ್ತಿ ಊಟ ಮಾಡಿದೀನಿ" ಎಂದಳು.

ಈಗ ಗೂಟ ಕಿತ್ತಿದ್ದೇನೆ, ಅಂಗಿಗಳನ್ನು ಪೆಟ್ಟಿಗೆಯಲ್ಲಿ ಮಡಚಿಡುತ್ತೇನೆ. ಕೈ ತನ್ನ ಪಾಡಿಗೆ ಜೇಬು ಹೊಲಿಯುತ್ತದೆ. ನಾನು ಪಕ್ಕದಲ್ಲಿ ಕುಳಿತಂತಿರುತ್ತೇನೆ.

ನಿನ್ನ ಮೈ ಕಡೆ ನೋಡಿಕೊ. ನಿನ್ನಮ್ಮನ ಆಶೀರ್ವಾದ ಇದರ ಜೊತೆಗಿದೆ, ನನ್ನದು ನಿನಗೆ ಬೇಕಿದ್ದರೆ.

ಇಂತಿ,
ನಿನ್ನ ಅಪ್ಪ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ನೀನು ಹೊರಟ ಬೆಳಿಗ್ಗೆ ಬಸ್ಸಿನವನು ಹಾರ್ನ್ ಹೊಡೆದನೆಂದು ಅರ್ಧ ತಟ್ಟೆ ಬಿಟ್ಟು ಎದ್ದೆಯಲ್ಲ. ಮಗು ಅದನ್ನು ನೋಡಿದೆ. ನೆನ್ನೆ ನನ್ನನ್ನು ಕೇಳಿತು: "ಅಮ್ಮನ್ನ ಯಾವಾಗ ಬಿಡ್ತಾರೆ ಅಜ್ಜ?" ಕೆಲಸಕ್ಕೆ ಹೋಗಿದಾಳೆ ಎಂದರೆ ನನ್ನ ಮಾತನ್ನು ಅವಳು ಇನ್ನು ನಂಬುವುದಿಲ್ಲ. ನೀನೇ ಬರೆ, ದೊಡ್ಡ ದೊಡ್ಡ ಅಕ್ಷರದಲ್ಲಿ. ನಿನ್ನನ್ನು ಯಾರೂ ಹಿಡಿದುಕೊಂಡು ಹೋಗಿಲ್ಲ ಎಂದು ಬರೆ. ಇವತ್ತೇ ಬರೆ.